ಬ್ರಿಡ್ಜ್ ಪತ್ರಿಕೆಗೆ ಚಂದಾ ಕಟ್ಟುವ ಮುನ್ನ

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷಗಳಾದವು. ಹುಡುಗನಾಗಿದ್ದಾಗಿನಿಂದ ಮನೆಯ ಜಗಲಿಯಲ್ಲಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡುತ್ತಿದ್ದ ನನಗೆ ನಿವೃತ್ತಿಯ ನಂತರ ಕ್ಲಬ್ಬಿನ ಗೆಳೆಯರು, ಇಬ್ಬಿಬ್ಬರು ಜೋಡಿಯಾಗಿ ಆಡುವ ಬ್ರಿಡ್ಜ್ ಎಂಬ ಎಲೆಯಾಟ ಕಲಿಸಿದರು. ಈಗ ವಾರಕ್ಕೆ ಮೂರು ಸಂಜೆ, ಯಾವಾಗಲೂ ಒಬ್ಬರೇ ಜೊತೆಗಾರರೊಂದಿಗೆ ಆಡುತ್ತೇನೆ. ಎಲ್ಲ ಮೇಜುಗಳಲ್ಲೂ ಅವೇ ಕೈಗಳನ್ನು ಆಡಿಸಿ ಹೋಲಿಸುವ ಡೂಪ್ಲಿಕೇಟ್ ಪಂದ್ಯಗಳಲ್ಲಿ ನಮ್ಮ ಜೋಡಿ ನಡುವಿನ ಸ್ಥಾನದಲ್ಲಿಯೇ ನಿಂತುಬಿಟ್ಟಿದೆ. ಬೆಂಗಳೂರಿನ ಮಿತ್ರರೊಬ್ಬರು ಅಮೆರಿಕದ ‘ದಿ ಬ್ರಿಡ್ಜ್ ವರ್ಲ್ಡ್’ ಮಾಸಪತ್ರಿಕೆಗೆ ಚಂದಾದಾರನಾಗಬೇಕೆಂದು ಒತ್ತಾಯಿಸುತ್ತಿದ್ದಾರೆ. ಹಣವನ್ನು ಡಾಲರಿನಲ್ಲಿ ಕಟ್ಟಬೇಕಾದುದರಿಂದ ಹಿಂಜರಿಯುತ್ತಿದ್ದೇನೆ. ಇದರ ಮೇಲೆ, “ಒಮ್ಮೆ ಬಂದ ಎಲೆಗಳು ಮತ್ತೆ ಬರುವುದಿಲ್ಲ ಎನ್ನುತ್ತೀರಿ, ಹಾಗಿದ್ದ ಮೇಲೆ ಯಾರೋ ಎಲ್ಲೋ ಆಡಿದ್ದನ್ನು ಓದಿ ಏನು ಬಂತು?” ಎಂದು ನನ್ನ ಶ್ರೀಮತಿಯವರು ಕೇಳುತ್ತಿದ್ದಾರೆ. ಅವರಿಗೆ ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ತಾವು ದಾರಿ ತೋರಬೇಕು.
— ಮೈಸೂರಿನ ಓದುಗರು

ಉತ್ತರ: ನಿಮ್ಮ ಶ್ರೀಮತಿಯವರ ಪ್ರಶ್ನೆಯೇ ಮೊದಲು ಉತ್ತರಿಸಬೇಕಾದ ಪ್ರಶ್ನೆ, ಏಕೆಂದರೆ ಚಂದಾ ಕಟ್ಟಬೇಕೆ ಬೇಡವೆ ಎಂಬುದು ಅದರ ಉತ್ತರದಲ್ಲಿಯೇ ಅಡಗಿದೆ. ಲೆಕ್ಕದ ಮಟ್ಟಿಗೆ ಅವರ ಮಾತು ಸರಿ. 52 ಎಲೆಗಳಿಂದ ಒಬ್ಬ ಆಟಗಾರನ ಕೈಗೆ ಬರಬಹುದಾದ 13 ಎಲೆಗಳ ಬೇರೆ ಬೇರೆ ಜೋಡಣೆಗಳ ಸಂಖ್ಯೆ 63,501 ಕೋಟಿಗೂ ಹೆಚ್ಚು. ಆದುದರಿಂದ ಪತ್ರಿಕೆಯಲ್ಲಿ ನೀವು ಓದಿದ ಕೈ ಮುಂದೊಂದು ಸಂಜೆ ನಿಮ್ಮ ಮೇಜಿಗೆ ಬರುತ್ತದೆಂದು ಕಾಯುವುದು ವ್ಯರ್ಥ. ಆದರೆ ಎಲೆಗಳು ಮರಳಿ ಬಾರದಿದ್ದರೂ ಸಂದಿಗ್ಧಗಳು ಮರಳಿ ಬರುತ್ತವೆ. ಈ ಮಾತನ್ನು ಒಂದು ಉದಾಹರಣೆಯಿಂದ ತೋರಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

ನೀವು ಆಟೀನಿನಲ್ಲಿ ನಾಲ್ಕರ ಗೇಮ್ (13 ಸುತ್ತುಗಳಲ್ಲಿ ಹತ್ತನ್ನು ಗೆಲ್ಲುವೆವೆಂಬ ಒಪ್ಪಂದ) ಆಡುತ್ತಿದ್ದೀರಿ, ತುರುಫೂ ಆಟೀನೇ ಎಂದಿಟ್ಟುಕೊಳ್ಳಿ. ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರರ ಕೈಯಲ್ಲಿ, ಎಕ್ಕ, ರಾಜ, ಗುಲಾಮ ಮತ್ತು ಎರಡು ಸಣ್ಣ ಎಲೆಗಳಿವೆ, ನಿಮ್ಮ ಕೈಯಲ್ಲಿ ನಾಲ್ಕು ಸಣ್ಣ ಎಲೆಗಳಿವೆ, ರಾಣಿಯೂ ಉಳಿದ ಮೂರು ಸಣ್ಣ ಎಲೆಗಳೂ ಎದುರಾಳಿಗಳಲ್ಲಿವೆ. ಎಕ್ಕ ಎಳೆದಾಗ ಇಬ್ಬರೂ ಸಣ್ಣ ಎಲೆ ಹಾಕಿದರು. ಬೇರೊಂದು ಬಣ್ಣದಿಂದ ನಿಮ್ಮ ಕೈಗೆ ಬಂದು ಎರಡನೆಯ ಸಲ ಆಟೀನು ಆಡಿದಿರಿ, ಎಡಗಡೆಯವರು ಮತ್ತೊಂದು ಸಣ್ಣ ಎಲೆ ಹಾಕಿದರು. ಈಗ ರಾಜನನ್ನು ಹಾಕಿ ರಾಣಿ ಬಲಗಡೆಯಿಂದ ಉದುರುತ್ತಾಳೆಂದು ನಂಬಬೇಕೆ, ಅಥವಾ ಗುಲಾಮನನ್ನು ಹಾಕಿ ರಾಣಿ ಎಡಗಡೆ ಇದ್ದಾಳೆಂದು ನಂಬಬೇಕೆ? ಕೈ ಮತ್ತು ಡಮ್ಮಿ ಸೇರಿ ಎಂಟು ಎಲೆಗಳಿದ್ದರೆ ಫಿನೆಸ್ ಮಾಡು (ಅಂದರೆ ರಾಜನನ್ನು ಉಳಿಸಿಕೊಂಡು ಗುಲಾಮನಿಂದಲೇ ಗೆಲ್ಲಲು ನೋಡು), ಒಂಬತ್ತಿದ್ದರೆ ಮಾಡಬೇಡ ಎಂದು ಕ್ಲಬ್ಬಿನಲ್ಲಿ ಮೊದಲ ವಾರವೇ ನಿಮಗೆ ಹೇಳಿಕೊಟ್ಟಿರುತ್ತಾರೆ. ಆ ನಿಯಮ ತಪ್ಪಲ್ಲ. ಆದರೆ ಅದು ಗೆಲ್ಲುವುದು ಎಷ್ಟು ಅಂತರದಿಂದ ಎಂಬುದನ್ನು ಹೇಳುವವರು ಕಡಿಮೆ. ಆರಂಭದಿಂದ ಲೆಕ್ಕ ಹಿಡಿದರೆ ರಾಣಿಯನ್ನು ಹಿಡಿಯುವ ಸಾಧ್ಯತೆ ರಾಜನನ್ನು ಎಳೆಯುವ ದಾರಿಗೆ ಸುಮಾರು ಶೇಕಡಾ 58, ಎಕ್ಕದ ನಂತರ ಫಿನೆಸ್ ಮಾಡುವ ದಾರಿಗೆ ಸುಮಾರು 56. ಅಂದರೆ ಇಷ್ಟು ಗಟ್ಟಿಯಾಗಿ ಬಾಯಿಪಾಠವಾಗಿರುವ ನಿಯಮ ನಿಂತಿರುವುದು ಶೇಕಡಾ ಎರಡರ ಮೇಲೆ.

ಈಗ ಒಂದೇ ಒಂದು ಸಂಗತಿಯನ್ನು ಸೇರಿಸಿ. ಎಲೆ ಆಡುವ ಮೊದಲಿನ ಕೂಗಾಟದಲ್ಲಿ (ಬಿಡ್ಡಿಂಗ್) ಬಲಗಡೆಯ ಎದುರಾಳಿ ಆರಂಭದಲ್ಲಿಯೇ ಮೂರು ಕಳಾವರ್ ಎಂದು ಕೂಗಿದ್ದರು; ಉದ್ದನೆಯ ಕಳಾವರ್ ಇದ್ದವರ ಕೂಗು ಅದು, ಅವರಲ್ಲಿ ಏಳು ಕಳಾವರ್ ಇವೆ ಎಂದಿಟ್ಟುಕೊಳ್ಳಿ. ನಿಮ್ಮ ಎರಡು ಕೈಗಳಲ್ಲಿ ನಾಲ್ಕಿರುವುದರಿಂದ ಎಡಗಡೆಯವರಲ್ಲಿ ಎರಡೇ ಇವೆ. ಬಲಗಡೆಯವರ 13 ಎಲೆಗಳಲ್ಲಿ ಏಳು ಕಳಾವರ್, ಒಂದು ಆಟೀನು ಗೊತ್ತಾಯಿತು, ಉಳಿದ ಜಾಗ ಐದು. ಎಡಗಡೆಯವರಲ್ಲಿ ಎರಡು ಕಳಾವರ್, ಎರಡು ಆಟೀನು ಗೊತ್ತಾಯಿತು, ಉಳಿದ ಜಾಗ ಒಂಬತ್ತು. ರಾಣಿ ಕುಳಿತಿರಬಹುದಾದ ಜಾಗಗಳು ಎಡಗಡೆ ಒಂಬತ್ತು, ಬಲಗಡೆ ಐದು. ಆದುದರಿಂದ ಗುಲಾಮನನ್ನು ಹಾಕಬೇಕು. ಆ ಕೂಗು ಇಲ್ಲದಿದ್ದರೆ ಇದೇ ಲೆಕ್ಕ ಎಡಗಡೆ 11, ಬಲಗಡೆ 12 ಆಗುತ್ತಿತ್ತು, ಆಗ ರಾಜನೇ ಸರಿ. ಎಲೆಗಳು ಅವೇ, ನಿಯಮವೂ ಅದೇ, ಉತ್ತರ ಮಾತ್ರ ತಿರುಗಿಬಿತ್ತು.

ಈ ಬಗೆಯ ಯೋಚನೆಯನ್ನು ತಿಂಗಳು ತಿಂಗಳೂ ಮಾಡಿಸುವುದೇ ಒಳ್ಳೆಯ ಬ್ರಿಡ್ಜ್ ಪತ್ರಿಕೆಯ ಕೆಲಸ. ನಿಮ್ಮ ಶ್ರೀಮತಿಯವರಿಗೆ ಹೇಳಬೇಕಾದುದೂ ಇದೇ: ಪಾಕಪುಸ್ತಕದ ಅಡುಗೆಯನ್ನು ಅದೇ ಪುಸ್ತಕದವರ ಅಡುಗೆಮನೆಯಲ್ಲಿ ಯಾರೂ ಮಾಡುವುದಿಲ್ಲವಲ್ಲ. (ಇದಕ್ಕೆ ಅವರು ಕೊಡಬಹುದಾದ ಮಾರುತ್ತರಕ್ಕೆ ನಾನು ಹೊಣೆಯಲ್ಲ.)

ಇನ್ನು ನಿಮ್ಮ ಮಿತ್ರರು ಹೇಳಿದ ಪತ್ರಿಕೆಯ ವಿಷಯ. ‘ದಿ ಬ್ರಿಡ್ಜ್ ವರ್ಲ್ಡ್’ ಆರಂಭವಾದದ್ದು 1929ರ ಅಕ್ಟೋಬರಿನಲ್ಲಿ, ಅಮೆರಿಕದ ಷೇರುಪೇಟೆ ಕುಸಿದ ತಿಂಗಳಿನಲ್ಲಿಯೇ. ಹಾರಲ್ಡ್ ವಾಂಡರ್‌ಬಿಲ್ಟ್ 1925ರ ಹಡಗು ಪ್ರಯಾಣವೊಂದರಲ್ಲಿ ಕಾಂಟ್ರಾಕ್ಟ್ ಬ್ರಿಡ್ಜಿನ (ನೀವು ಈಗ ಆಡುವ ಬ್ರಿಡ್ಜ್ ಇದೇ) ಅಂಕಪದ್ಧತಿಯನ್ನು ರೂಪಿಸಿ ಆಡಿಸಿ ನೋಡಿದ ಮೇಲೆ ಆಟ ಅಮೆರಿಕದ ಮನೆಮನೆಗೂ ನುಗ್ಗಿತ್ತು. ಅದನ್ನು ಕಲಿಸಿ, ಮಾರಿ, ತಾನೂ ಹೆಸರು ಮಾಡಿದ ಎಲಿ ಕಲ್ಬರ್ಟ್‌ಸನ್ ಈ ಪತ್ರಿಕೆಯ ಸ್ಥಾಪಕ. ಮುಂದೆ 1960ರ ದಶಕದ ಕೊನೆಗೆ ಎಡ್ಗರ್ ಕಪ್ಲನ್ ಇದರ ಹೊಣೆ ಹೊತ್ತು 1997ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಅವರ ಜೊತೆಗಿದ್ದ ಜೆಫ್ ರೂಬೆನ್ಸ್ ಆಮೇಲೆ ಅದನ್ನು ಮುಂದುವರಿಸಿದರು. ಕಪ್ಲನ್ ಕಾಲದ ಪಂದ್ಯವರದಿಗಳನ್ನು ಓದಿದವರು ಅವರ ಒಣ ಹಾಸ್ಯವನ್ನು ಇಂದಿಗೂ ನೆನೆಯುತ್ತಾರೆ. ವಿಶ್ವ ಚಾಂಪಿಯನ್ನರು ಮಾಡಿದ ತಪ್ಪನ್ನೂ ಮುಲಾಜಿಲ್ಲದೆ ತಪ್ಪೆಂದು ಬರೆಯುವ ಪರಿಪಾಠ ಆ ಪತ್ರಿಕೆಯದು, ಮತ್ತು ನನ್ನ ದೃಷ್ಟಿಯಲ್ಲಿ ಅದರ ಬೆಲೆಯ ಅರ್ಧ ಭಾಗ ಅದಕ್ಕೇ ಸಲ್ಲುತ್ತದೆ.

ಅದರಲ್ಲಿ ಎರಡು ಅಂಕಣಗಳಿಗಾಗಿಯೇ ಜನ ಚಂದಾ ಕಟ್ಟುತ್ತಾರೆ. ಮೊದಲನೆಯದು ‘ಮಾಸ್ಟರ್ ಸಾಲ್ವರ್ಸ್ ಕ್ಲಬ್’. ಸಾಮಾನ್ಯವಾಗಿ ಎಂಟು ಸಮಸ್ಯೆಗಳನ್ನು ಮುಂಚಿತವಾಗಿ ಪ್ರಕಟಿಸಿ, ನಿಮ್ಮ ಕೈ ಇದು, ಇಲ್ಲಿಯವರೆಗಿನ ಬಿಡ್ಡಿಂಗ್ ಇದು, ಈಗ ಏನು ಕೂಗುತ್ತೀರಿ ಎಂದು ಕೇಳುತ್ತಾರೆ. ಅನಂತರದ ಸಂಚಿಕೆಯೊಂದರಲ್ಲಿ ಪರಿಣತರ ತಂಡ ಕೊಟ್ಟ ಉತ್ತರಗಳು, ಅವುಗಳಿಗೆ ಕೊಟ್ಟ ಅಂಕಗಳು ಮತ್ತು ಅವರ ನಡುವಿನ ವಾಗ್ವಾದ ಬರುತ್ತದೆ. ನಿಮ್ಮಂಥ ಓದುಗರಿಗೆ ಇಲ್ಲಿ ಸಿಗುವ ದೊಡ್ಡ ಲಾಭವೆಂದರೆ, ಜಗತ್ತಿನ ಅತ್ಯುತ್ತಮ ಆಟಗಾರರು ಒಂದೇ ಕೈಯನ್ನು ನೋಡಿ ನಾಲ್ಕು ದಾರಿ ಹಿಡಿಯುತ್ತಾರೆಂಬುದು ಕಣ್ಣಾರೆ ಕಾಣುವುದು. ಜೊತೆಗಾರರ ಕೂಗಿನ ಮೇಲೆ ಮೇಜಿನಲ್ಲೇ ಸಿಡುಕುವ ಅಭ್ಯಾಸವಿದ್ದವರು ಆರು ತಿಂಗಳು ಇದನ್ನು ಓದಿದರೆ ಸ್ವಲ್ಪ ಮೆತ್ತಗಾಗುತ್ತಾರೆ. ಎರಡನೆಯದು ‘ಚಾಲೆಂಜ್ ದ ಚಾಂಪ್ಸ್’. ಇದರಲ್ಲಿ ಹೆಸರಾಂತ ಜೋಡಿಗಳು ಒಂದೇ ಕೈಗಳನ್ನು ಬಿಡ್ ಮಾಡಿ ಅಂಕಕ್ಕಾಗಿ ಸೆಣಸುತ್ತವೆ. ಓದುಗ ಜೋಡಿಯೂ ಅವೇ ಕೈಗಳನ್ನು ತಾನಾಗಿ ಬಿಡ್ ಮಾಡಿ, ಆಮೇಲೆ ಪುಟ ತಿರುಗಿಸಿ ತನ್ನ ಅಂಕವನ್ನು ಅವರ ಅಂಕದ ಪಕ್ಕದಲ್ಲಿಟ್ಟು ನೋಡಬಹುದು. ಇದನ್ನು ಒಬ್ಬರೇ ಓದಿದರೆ ಏನೂ ಸಿಗುವುದಿಲ್ಲ. ನೀವು ಒಬ್ಬರೇ ಜೊತೆಗಾರರೊಂದಿಗೆ ಆಡುವವರಾದುದರಿಂದ ಈ ಅಂಕಣ ನಿಮಗೆ ಹೇಳಿ ಮಾಡಿಸಿದಂತಿದೆ, ಆದರೆ ಅವರೂ ಕುಳಿತರೆ ಮಾತ್ರ.

ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ಸಮಸ್ಯೆಗಳಿಗೆ ಒಂದು ಸಾಮಾನ್ಯ ನೆಲೆ ಬೇಕಾದುದರಿಂದ ಪತ್ರಿಕೆಯವರು ‘ಬ್ರಿಡ್ಜ್ ವರ್ಲ್ಡ್ ಸ್ಟ್ಯಾಂಡರ್ಡ್’ ಎಂಬ ತಮ್ಮದೇ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. 2001ರಲ್ಲಿ, ಮತ್ತೆ 2017ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಇದು ಐದೆಲೆಯ ಮೇಜರ್‌ಗಳ (ಇಸ್ಪೀಟು ಅಥವಾ ಆಟೀನು ಐದಾದರೂ ಇದ್ದರೆ ಮಾತ್ರ ಅದನ್ನು ಕೂಗಿ ಆರಂಭಿಸುವ ಕ್ರಮ) ಮೇಲೆ, ಜೊತೆಗಾರರ ಒಂದರ ಕೂಗಿಗೆ ಎರಡರ ಮಟ್ಟದಲ್ಲಿ ಹೊಸ ಬಣ್ಣ ಕೂಗಿ ಉತ್ತರಿಸಿದರೆ ಗೇಮಿನವರೆಗೂ ಹೋಗಲೇಬೇಕೆಂಬ ಒಪ್ಪಂದದ ಮೇಲೆ ನಿಂತ ಪದ್ಧತಿ. ನೀವು ಅದನ್ನೇ ಅಥವಾ ಅದಕ್ಕೆ ಹತ್ತಿರವಾದುದನ್ನು ಆಡುತ್ತಿದ್ದರೆ ಮೊದಲ ಸಂಚಿಕೆಯಿಂದಲೇ ರುಚಿ ಹತ್ತುತ್ತದೆ. ದೊಡ್ಡ ಎಲೆಗಳ ಲೆಕ್ಕದಲ್ಲಿ 16 ಅಥವಾ ಅದಕ್ಕೂ ಹೆಚ್ಚು ಪಾಯಿಂಟಿನ ಕೈಗಳನ್ನೆಲ್ಲ ಒಂದು ಕಳಾವರ್ ಎಂದು ಆರಂಭಿಸುವ ಪ್ರಿಸಿಷನ್ ಪದ್ಧತಿಯವರಾದರೆ ಬಿಡ್ಡಿಂಗಿನ ಎಷ್ಟೋ ಚರ್ಚೆಗಳು ನಿಮ್ಮನ್ನು ಬಿಟ್ಟು ನಡೆಯುತ್ತವೆ. ಎಲೆ ಆಡುವ ಮತ್ತು ಎದುರಾಳಿಯನ್ನು ತಡೆಯುವ ಭಾಗ ಮಾತ್ರ ಎಲ್ಲರಿಗೂ ಸಮಾನ.

ಇಷ್ಟಾದ ಮೇಲೂ ನಿಮಗೆ “ಕಟ್ಟಿ” ಎಂದು ಕೂಡಲೇ ಹೇಳಲು ನಾನು ಸಿದ್ಧನಿಲ್ಲ. ನಿಮ್ಮ ಜೋಡಿ ಎಲ್ಲಿ ಸೋಲುತ್ತಿದೆ ಎಂಬುದನ್ನು ನೀವು ಬರೆದಿಲ್ಲ, ಬಹುಶಃ ನೋಡಿಕೊಂಡೂ ಇಲ್ಲ. ಕಳೆದ ನಾಲ್ಕು ವಾರಗಳ ಸ್ಕೋರ್ ಹಾಳೆಗಳನ್ನು ತೆಗೆದು, ಕೆಟ್ಟ ಫಲಿತಾಂಶ ಬಂದ ಪ್ರತಿ ಬೋರ್ಡಿನ (ಒಮ್ಮೆ ಹಂಚಿ ಆಡಿದ ನಾಲ್ಕು ಕೈಗಳು) ಎದುರು ಕಾರಣವನ್ನು ಒಂದೊಂದು ಮಾತಿನಲ್ಲಿ ಬರೆಯಿರಿ. ಜೊತೆಗಾರರ ಕೂಗಿಗೆ ನೀವೊಂದು ಅರ್ಥ, ಅವರೊಂದು ಅರ್ಥ ಮಾಡಿಕೊಂಡದ್ದೇ ಹೆಚ್ಚಾಗಿದ್ದರೆ ಯಾವ ಪತ್ರಿಕೆಯೂ ನಿಮ್ಮನ್ನು ಉದ್ಧಾರ ಮಾಡದು. ಒಂದು ಭಾನುವಾರ ಇಬ್ಬರೂ ಕುಳಿತು ನಿಮ್ಮ ಒಪ್ಪಂದಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಅದಕ್ಕೆ ಖರ್ಚು ಒಂದು ಹಾಳೆ ಮತ್ತು ಎರಡು ಲೋಟ ಕಾಫಿ. ತುರುಫು ಎಷ್ಟು ಹೋಯಿತೆಂದು ಮರೆತದ್ದು, ಡಮ್ಮಿಗೆ ಹೋಗುವ ದಾರಿಯನ್ನು ಮೊದಲೇ ಕಳೆದುಕೊಂಡದ್ದು, ಇಂಥವೇ ಹೆಚ್ಚಾಗಿದ್ದರೆ ನಿಮಗೆ ಬೇಕಾದದ್ದು ಕ್ರಮವಾಗಿ ಕಲಿಸುವ ಒಂದು ಪುಸ್ತಕ. ಪತ್ರಿಕೆ ಕ್ರಮವಾಗಿ ಕಲಿಸುವುದಿಲ್ಲ, ಅದು ಕಲಿತವರೊಂದಿಗೆ ಹರಟುತ್ತದೆ. ಲೆಕ್ಕ ತಪ್ಪಿಲ್ಲ, ಒಪ್ಪಂದವೂ ತಪ್ಪಿಲ್ಲ, ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ತೋಚದೆ ಒಂದನ್ನು ಹಿಡಿದು ಸೋತೆವು ಎನ್ನುವ ಬೋರ್ಡುಗಳು ಮೂರರಲ್ಲೊಂದು ಭಾಗವಾದರೂ ಇದ್ದರೆ, ಆಗ ಪತ್ರಿಕೆ ನಿಮಗೆ ಹೇಳಿದ ಮದ್ದು.

ಹಣದ ಲೆಕ್ಕವನ್ನು ಬ್ಯಾಂಕಿನಲ್ಲಿದ್ದವರಿಗೆ ನಾನು ಹೇಳುವುದು ಅಧಿಕಪ್ರಸಂಗ. ಆದರೂ ಒಂದು ಮಾತು: ಚಂದಾ ಹಣವನ್ನು ಸಂಚಿಕೆಗಳ ಸಂಖ್ಯೆಯಿಂದ ಭಾಗಿಸಬೇಡಿ. ನೀವಿಬ್ಬರೂ ಉತ್ತರ ನೋಡುವ ಮೊದಲು ಪೆನ್ಸಿಲ್ ಹಿಡಿದು ಬಿಡಿಸುವ ಸಮಸ್ಯೆಗಳ ಸಂಖ್ಯೆಯಿಂದ ಭಾಗಿಸಿ. ತಿಂಗಳಿಗೆ ಹದಿನೈದು ಬಿಡಿಸಿದರೆ ವರ್ಷಕ್ಕೆ 180 ಆಯಿತು, ಒಂದೊಂದರ ಬೆಲೆ ಕ್ಲಬ್ಬಿನಲ್ಲಿ ನೀವು ಕುಡಿಯುವ ಚಹಾಕ್ಕಿಂತ ಬಹಳ ಹೆಚ್ಚಾಗಲಾರದು. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಓಟದಲ್ಲಿ ಓದಿ “ಹೌದಲ್ಲ, ಹಾಗೇ ಆಡಬೇಕು” ಎಂದು ತಲೆದೂಗುವವರಾದರೆ ಭಾಗಿಸಲು ಸಂಖ್ಯೆಯೇ ಇರುವುದಿಲ್ಲ. ಸಮುದ್ರ ದಾಟಿ ಬರುವ ಮುದ್ರಿತ ಪ್ರತಿಯ ಅಂಚೆವೆಚ್ಚ ಮತ್ತು ವಿಳಂಬವನ್ನೂ ಗಮನಿಸಿ, ಡಿಜಿಟಲ್ ಪ್ರತಿ ಸಿಗುವುದಾದರೆ ಅದನ್ನೇ ಆರಿಸಿ, ಸಮಸ್ಯೆಯ ಪುಟಗಳನ್ನಷ್ಟೇ ಮುದ್ರಿಸಿಕೊಳ್ಳಿ.

ಚಂದಾ ಕಟ್ಟುವ ಮೊದಲು ಮೂರು ತಿಂಗಳ ಪರೀಕ್ಷೆಯೊಂದನ್ನು ಮಾಡಿ ಎಂಬುದು ನನ್ನ ಸಲಹೆ. ನಿಮ್ಮ ಬೆಂಗಳೂರಿನ ಮಿತ್ರರಿಂದಲೇ ಅವರು ಓದಿ ಮುಗಿಸಿದ ಮೂರು ಹಳೆಯ ಸಂಚಿಕೆಗಳನ್ನು ಕೇಳಿ ಪಡೆಯಿರಿ. ಬ್ರಿಡ್ಜ್ ಪತ್ರಿಕೆ ದಿನಪತ್ರಿಕೆಯಂತೆ ಹಳಸುವುದಿಲ್ಲ. ಬಿಡ್ಡಿಂಗಿನ ರೀತಿನೀತಿ ಬದಲಾದರೂ ಮೂವತ್ತು ವರ್ಷದ ಹಿಂದಿನ ಸಂಚಿಕೆಯ ಎಲೆಯಾಟದ ಸಮಸ್ಯೆ ಇಂದಿಗೂ ಅಷ್ಟೇ ಗಟ್ಟಿ. ತಿಂಗಳಿಗೊಂದರಂತೆ ಜೊತೆಗಾರರೊಂದಿಗೆ ಬಿಡಿಸಿ. ಮೂರನೆಯ ತಿಂಗಳಿನಲ್ಲಿ ಸಂಚಿಕೆಯನ್ನು ತೆರೆಯಲು ನಿಮ್ಮಿಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಒತ್ತಾಯಿಸಬೇಕಾಗಿ ಬಂದರೆ ಚಂದಾ ಬೇಡ.

ಪ್ರಶ್ನೆ: ಮಗನ ಮನೆಯಲ್ಲಿರಲು ನ್ಯೂಜೆರ್ಸಿಗೆ ಬಂದು ಎರಡು ವರ್ಷಗಳಾದವು. ಹಗಲು ಹೊತ್ತು ಕಳೆಯಲೆಂದು ಇಲ್ಲಿನ ಹಿರಿಯರ ಕೇಂದ್ರದಲ್ಲಿ ಬ್ರಿಡ್ಜ್ ಕಲಿತೆ. ಎಸಿಬಿಎಲ್ (ಅಮೆರಿಕನ್ ಕಾಂಟ್ರಾಕ್ಟ್ ಬ್ರಿಡ್ಜ್ ಲೀಗ್) ಸದಸ್ಯತ್ವ ಪಡೆದಿರುವುದರಿಂದ ಅವರ ಮಾಸಪತ್ರಿಕೆ ಬರುತ್ತಿದೆ. ಹುಟ್ಟುಹಬ್ಬಕ್ಕೆ ‘ದಿ ಬ್ರಿಡ್ಜ್ ವರ್ಲ್ಡ್’ ಚಂದಾವನ್ನು ಉಡುಗೊರೆಯಾಗಿ ಕೊಡುವೆನೆಂದು ಸೊಸೆ ಹೇಳುತ್ತಿದ್ದಾಳೆ. ಒಪ್ಪಿಕೊಳ್ಳಲೆ?
— ಧಾರವಾಡ ಮೂಲದ ಓದುಗರು

ಉತ್ತರ: ಸೊಸೆಯ ಪ್ರೀತಿಯನ್ನು ಒಪ್ಪಿಕೊಳ್ಳಿ, ಉಡುಗೊರೆಯನ್ನು ಬದಲಾಯಿಸಲು ಹೇಳಿ. 1937ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಾಂಟ್ರಾಕ್ಟ್ ಬ್ರಿಡ್ಜ್ ಲೀಗ್ ತನ್ನ ಸದಸ್ಯರಿಗೆ ಕೊಡುವ ‘ಬ್ರಿಡ್ಜ್ ಬುಲೆಟಿನ್’ ಸದಸ್ಯತ್ವದ ಹಣದಲ್ಲಿಯೇ ಬರುತ್ತದೆ, ಮತ್ತು ಅದರಲ್ಲಿ ಹೊಸಬರಿಗೆಂದೇ ಬರೆದ ಪುಟಗಳಿರುತ್ತವೆ. ಎರಡು ವರ್ಷ ಆಡಿದವರಿಗೆ ಅದಕ್ಕಿಂತ ತಕ್ಕ ಓದು ಇಲ್ಲ. ಪರಿಣತರನ್ನು ಕೇಳಿ ಬಿಡ್ಡಿಂಗ್ ಸಮಸ್ಯೆಗಳಿಗೆ ಉತ್ತರ ಕೊಡಿಸುವ ‘ಇಟ್ಸ್ ಯುವರ್ ಕಾಲ್’ ಎಂಬ ಅಂಕಣವೂ ಅದರಲ್ಲಿದೆ. ಮೈಸೂರಿನ ಓದುಗರಿಗೆ ನಾನು ಮೇಲೆ ವಿವರಿಸಿದ ಕಸರತ್ತನ್ನೇ ನೀವು ಅದರಲ್ಲಿ, ಹೆಚ್ಚಿನ ಖರ್ಚಿಲ್ಲದೆ ಮಾಡಬಹುದು. ‘ದಿ ಬ್ರಿಡ್ಜ್ ವರ್ಲ್ಡ್’ ಓದುಗನಿಗೆ ಬಹಳಷ್ಟು ಗೊತ್ತಿದೆಯೆಂದು ಭಾವಿಸಿಯೇ ಮಾತು ಶುರುಮಾಡುತ್ತದೆ, ಮಧ್ಯೆ ನಿಂತು ವಿವರಿಸುವುದಿಲ್ಲ. ಅರ್ಥವಾಗದ ಪುಟಗಳು ಕೀಳರಿಮೆಯನ್ನು ತರುತ್ತವೆಯೇ ಹೊರತು ಆಟವನ್ನು ತರುವುದಿಲ್ಲ.

ಬುಲೆಟಿನ್ನಿನಲ್ಲಿ ನೀವು ಈಗ ಬಿಟ್ಟುಬಿಡುವ ಪುಟಗಳಿರುತ್ತವೆಯಲ್ಲ, ಪ್ರವೀಣರಿಗೆಂದು ಬರೆದವು? ಅವುಗಳನ್ನು ಬಿಡದೆ ಓದತೊಡಗಿದ ಮೇಲೂ ತಿಂಗಳು ಮುಗಿಯುವ ಮೊದಲೇ ಓದು ಮುಗಿದುಹೋಯಿತು ಎನಿಸಿದಾಗ ಸೊಸೆಗೆ ಅವಳ ಮಾತನ್ನು ನೆನಪಿಸಿ. ಅಲ್ಲಿಯವರೆಗೆ, ನಿಮ್ಮ ಕ್ಲಬ್ಬಿನಲ್ಲಿ ಪಾಠ ಹೇಳುವವರಿದ್ದರೆ ಆ ತರಗತಿಗಳ ಶುಲ್ಕವನ್ನು ಅವಳು ಉಡುಗೊರೆಯಾಗಿ ಕಟ್ಟಿದರೆ ನಿಮಗೆ ಹೆಚ್ಚು ದಕ್ಕುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. 2018ರ ಏಷ್ಯನ್ ಗೇಮ್ಸ್ ಸುದ್ದಿಯಿಂದ ಬ್ರಿಡ್ಜ್ ಹಿಂದೆ ಬಿದ್ದೆ, ಈಗ ಹೆಚ್ಚಾಗಿ ಆನ್‌ಲೈನಿನಲ್ಲಿ ಆಡುತ್ತೇನೆ. ಎಲ್ಲವೂ ಪುಕ್ಕಟೆಯಾಗಿ ಸಿಗುವಾಗ ಹಣ ಕೊಟ್ಟು ಪತ್ರಿಕೆ ತರಿಸಬೇಕೆ?
— ಹುಬ್ಬಳ್ಳಿಯ ಓದುಗ

ಉತ್ತರ: ಆ ಏಷ್ಯನ್ ಗೇಮ್ಸ್ ನಡೆದ ಜಕಾರ್ತದಲ್ಲಿ ಬ್ರಿಡ್ಜಿನ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರಿಗೆ ಆಗ ಅರವತ್ತರ ಆಸುಪಾಸಿನ ವಯಸ್ಸು, ಆದುದರಿಂದ ನಿಮಗೆ ಅವಸರವಿಲ್ಲ. ಸದ್ಯಕ್ಕೆ ಹಣ ಕೊಡಬೇಡಿ. ‘ಬ್ರಿಡ್ಜ್ ಬೇಸ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಆಡುವುದಲ್ಲದೆ ದೊಡ್ಡ ಪಂದ್ಯಗಳನ್ನು ವ್ಯಾಖ್ಯಾನದೊಂದಿಗೆ ನೋಡುವುದಕ್ಕೂ ಅವಕಾಶವಿದೆ. ವಿಶ್ವ ಬ್ರಿಡ್ಜ್ ಫೆಡರೇಷನ್ನಿನ ಚಾಂಪಿಯನ್‌ಷಿಪ್‌ಗಳ ದೈನಿಕ ಬುಲೆಟಿನ್‌ಗಳು ಉಚಿತವಾಗಿ ಸಿಗುತ್ತವೆ, ಅವುಗಳ ಬರವಣಿಗೆಯ ಮಟ್ಟ ಎಷ್ಟೋ ಚಂದಾ ಪತ್ರಿಕೆಗಳಿಗೆ ಕಡಿಮೆಯದಲ್ಲ. ಬ್ರಿಟನ್ನಿನಲ್ಲಿ 1926ರಿಂದ ಬರುತ್ತಿದ್ದ ‘ಬ್ರಿಡ್ಜ್ ಮ್ಯಾಗಜೀನ್’ ನಿಂತ ಮೇಲೆ ಅದರ ಸಂಪಾದಕ ಮಾರ್ಕ್ ಹಾರ್ಟನ್ 2018ರಲ್ಲಿ ‘ಎ ನ್ಯೂ ಬ್ರಿಡ್ಜ್ ಮ್ಯಾಗಜೀನ್’ ಎಂಬ ಉಚಿತ ಆನ್‌ಲೈನ್ ಪತ್ರಿಕೆಯನ್ನು ಆರಂಭಿಸಿದರು, ಅದರ ಸಂಚಿಕೆಗಳನ್ನು ಇಳಿಸಿಕೊಂಡು ಓದಬಹುದು.

ಆದರೆ ಪುಕ್ಕಟೆಯಾದುದರ ದೋಷವೂ ನಿಮಗೆ ಗೊತ್ತಿರಲಿ: ಆನ್‌ಲೈನಿನಲ್ಲಿ ಒಂದು ಬೋರ್ಡ್ ಕೆಟ್ಟ ಕೂಡಲೇ ಮುಂದಿನದು ಕಣ್ಣೆದುರು ಬಂದುಬಿಡುತ್ತದೆ, ಏಕೆ ಕೆಟ್ಟಿತೆಂದು ಕೇಳಲು ಯಾರೂ ನಿಲ್ಲುವುದಿಲ್ಲ. ಸಂಜೆಗೆ ನಲವತ್ತು ಬೋರ್ಡ್ ಆಡುವ ಬದಲು ಇಪ್ಪತ್ತು ಆಡಿ, ಉಳಿದ ಸಮಯದಲ್ಲಿ ಸೋತ ಎರಡನ್ನು ಮಾತ್ರ ಆರಿಸಿಕೊಂಡು, ನಾಲ್ಕೂ ಕೈಗಳನ್ನು ಕಾಗದದ ಮೇಲೆ ಬರೆದು, ಎದುರಾಳಿಗಳ ಎಲೆಗಳನ್ನು ಯಾವ ಹಂತದಲ್ಲಿ ಊಹಿಸಬಹುದಾಗಿತ್ತೆಂದು ಗುರುತು ಹಾಕಿ. ಹೀಗೆ ನೂರು ಬೋರ್ಡುಗಳ ಪುಸ್ತಕ ತುಂಬಿದ ಮೇಲೆ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಬರೆದು ಕಳುಹಿಸಿ, ಜೊತೆಗೆ ಆ ನೂರರಲ್ಲಿ ನಿಮಗೆ ಇನ್ನೂ ಬಗೆಹರಿಯದ ಒಂದು ಬೋರ್ಡನ್ನೂ ಕಳುಹಿಸಿ.